ಚುನಾವಣೆಯ ಫಲಿತಾಂಶವೂ ಬೆಳೆಗಾರನ ಬಾಕಿಯೂ



ವಿಧಾನಸಭೆಯ ಮುಂದಿನ ಚುನಾವಣೆ ಅವಧಿಯಂತೆ 2028ರಲ್ಲಿ ಬರಬೇಕಾಗಿದೆ. ಅದಕ್ಕೆ ಮೊದಲು 2023ರ ಫಲಿತಾಂಶವನ್ನು ಬೆಳೆಗಾರನ ದೃಷ್ಟಿಯಿಂದ ಒಮ್ಮೆ ನೋಡುವುದು ಉಚಿತ. ನಮ್ಮ ಸಂಘಕ್ಕೆ ಪಕ್ಷವಿಲ್ಲ. ಆದರೆ ಬೆಳೆಗಾರನಿಗೆ ಹಿತವುಂಟು. ಈ ವಿಚಾರಕ್ಕೆ ಮಲೆನಾಡನ್ನು ಸ್ವಲ್ಪ ಬದಿಗಿಟ್ಟು, ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯನ್ನು, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಸಮೀರವಾಡಿಯ ಸುತ್ತಣ ಕ್ಷೇತ್ರಗಳನ್ನು ಆರಿಸಿಕೊಂಡಿದ್ದೇನೆ. ಬೆಳೆ ಬೇರೆಯಾದರೂ ಅಲ್ಲಿಯ ಸಣ್ಣ ರೈತನ ಪಾಡು ನಮ್ಮದಕ್ಕಿಂತ ಬೇರೆಯಲ್ಲ.

2023ರ ಮೇ 10ರಂದು ಮತದಾನವಾಗಿ 13ರಂದು ಎಣಿಕೆಯಾಯಿತು. 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜನತಾದಳ (ಎಸ್) 19 ಗಳಿಸಿದವು. ಮುಧೋಳದಲ್ಲಿ ಜಲಸಂಪನ್ಮೂಲ ಸಚಿವ ಗೋವಿಂದ ಕಾರಜೋಳರು ಕಾಂಗ್ರೆಸ್ಸಿನ ಆರ್.ಬಿ. ತಿಮ್ಮಾಪುರರೆದುರು ಸೋತರು. ಬೀಳಗಿಯಲ್ಲಿ ಕೈಗಾರಿಕಾ ಸಚಿವರೂ ಸಕ್ಕರೆ ಉದ್ಯಮಿಯೂ ಆಗಿದ್ದ ಮುರುಗೇಶ ನಿರಾಣಿಯವರು ಜೆ.ಟಿ. ಪಾಟೀಲರೆದುರು ಸೋತರು. ಜಮಖಂಡಿಯಲ್ಲಿ ಜಗದೀಶ ಗುಡಗುಂಟಿ, ತೇರದಾಳದಲ್ಲಿ ಸಿದ್ದು ಸವದಿ, ಇಬ್ಬರೂ ಬಿಜೆಪಿಯಿಂದ ಗೆದ್ದರು. ಬೆಳೆ ಒಂದೇ, ಕಷ್ಟ ಒಂದೇ. ನಾಲ್ಕು ಕ್ಷೇತ್ರಗಳು ಮಾತ್ರ ಎರಡೆರಡಾಗಿ ಹಂಚಿಹೋದವು. ಬೀಳಗಿಯಲ್ಲಂತೂ 2008ರಲ್ಲಿ ನಿರಾಣಿ, 2013ರಲ್ಲಿ ಪಾಟೀಲ, 2018ರಲ್ಲಿ ನಿರಾಣಿ, 2023ರಲ್ಲಿ ಮತ್ತೆ ಪಾಟೀಲ. ಮತದಾರ ತನ್ನ ಅಸಮಾಧಾನ ತೋರಿಸಲು ಹಿಂಜರಿಯಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಆದರೆ ಶಾಸಕರು ಬದಲಾದುದರಿಂದ ಕಬ್ಬಿನ ಬಿಲ್ಲು ಸಕಾಲಕ್ಕೆ ಬಂತೆ? ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ವಿಧಿಸಿತ್ತು. ಹಾಗಿದ್ದೂ 2025ರ ನವೆಂಬರಿನಲ್ಲಿ ದರಕ್ಕಾಗಿ, ಬಾಕಿಗಾಗಿ ಆ ಸೀಮೆಯ ರೈತರು ರಸ್ತೆಗಿಳಿಯಬೇಕಾಯಿತು. ಸರ್ಕಾರ ಟನ್ನಿಗೆ 3,300 ರೂಪಾಯಿಯ ಮಾತಾಡಿದ ಮೇಲೂ ಮುಧೋಳದ ಕಡೆ ಚಳವಳಿ ನಿಲ್ಲಲಿಲ್ಲ. ಅದೇ ತಿಂಗಳು ಸಮೀರವಾಡಿ ಕಾರ್ಖಾನೆಯ ಬಳಿ ಕಬ್ಬು ಹೇರಿದ ಟ್ರಾಕ್ಟರುಗಳು ಬೆಂಕಿಗೆ ಆಹುತಿಯಾದವು. ಕಿಡಿ ಯಾರದೇ ಇರಲಿ, ಸುಟ್ಟದ್ದು ರೈತನ ಬೆವರು.

ಹಾಗಾದರೆ ಮತ ವ್ಯರ್ಥವೆ? ಖಂಡಿತ ಅಲ್ಲ. ಆದರೆ ಮತ ಹಾಕಿದ ಮೇಲೆ ಬೆಳೆಗಾರ ಮನೆಗೆ ಹೋಗಿ ಕುಳಿತರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದೇ ಜಮಖಂಡಿ ತಾಲ್ಲೂಕಿನಲ್ಲಿ 1989ರಲ್ಲಿ ರೈತರು ಸ್ವಂತ ಹಣ, ಸ್ವಂತ ಶ್ರಮ ಹಾಕಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಕೊಂಡರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಅವರು ರಾಮಕೃಷ್ಣ ಹೆಗಡೆಯವರಂಥ ನಾಯಕರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ಇಲ್ಲಿ ಒಗ್ಗಟ್ಟಿನ ಕೆಲಸ ಮೊದಲು ಬಂತು, ಗೆಲುವು ಅದರ ಬೆನ್ನಿಗೆ ಬಂತು. ಈ ಕ್ರಮವನ್ನು ನಾವು ತಿರುವುಮುರುವು ಮಾಡಿಕೊಂಡಿದ್ದೇವೆ.

ಈಗ ನಮ್ಮ ತೋಟಕ್ಕೆ ಬರೋಣ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದರಲ್ಲಿ ನಾಲ್ಕೂ, ಕೊಡಗಿನ ಎರಡೂ ಸ್ಥಾನಗಳು ಬಿಜೆಪಿಗೆ ಹೋಗಿದ್ದವು; 2023ರಲ್ಲಿ ಆ ಏಳೂ ಕಾಂಗ್ರೆಸ್ಸಿಗೆ ಬಂದವು. ಶೃಂಗೇರಿಯಲ್ಲಿ ಅಂದು ಘೋಷಣೆಯಾದ ಅಂತರ ಬರೇ 201 ಮತ. ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. ಒಂದು ಸಣ್ಣ ಸಂಘದ ಸದಸ್ಯರ ಸಂಖ್ಯೆ ಇದಕ್ಕಿಂತ ಹೆಚ್ಚಿರುತ್ತದೆ. ನಮ್ಮ ಮತಕ್ಕೆ ಬೆಲೆಯಿದೆ. ಆ ಬೆಲೆಯನ್ನು ಕೇಳಿ ಪಡೆಯುವ ಪರಿಪಾಠ ನಮಗಿಲ್ಲ.

ಕೇಳುವಾಗಲೂ ಯಾರನ್ನು ಏನು ಕೇಳಬೇಕೆಂಬುದು ತಿಳಿದಿರಬೇಕು. ಕಾಫಿ ಮಂಡಳಿ ಕೇಂದ್ರದ್ದು. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ಕೇಂದ್ರವೇ. ಇದನ್ನು ಶಾಸಕರ ಬಳಿ ಕೇಳಿದರೆ ಅವರು ದೆಹಲಿಯತ್ತ ಬೆರಳು ತೋರಿಸಿ ಸುಲಭವಾಗಿ ಜಾರಿಕೊಳ್ಳುತ್ತಾರೆ. ಆದರೆ ತೋಟಗಾರಿಕೆ ಇಲಾಖೆ, ಎಲೆಚುಕ್ಕೆ ರೋಗದ ಔಷಧಿಗೆ ಸಹಾಯಧನ, ತೋಟದ ರಸ್ತೆ, ಕಂದಾಯ ದಾಖಲೆ, ಸಹಕಾರಿ ಸಾಲ ಇವೆಲ್ಲ ರಾಜ್ಯದ ಕೈಯಲ್ಲಿವೆ. ಇವುಗಳಿಂದ ಶಾಸಕರು ಜಾರುವಂತಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ ಸರ್ಕಾರ ಸಾರಿತು. ನಮ್ಮ ಸಂಘದಲ್ಲಿ 3 ಲಕ್ಷ ಮೀರಿ ಸಾಲ ಸಿಕ್ಕ ಸದಸ್ಯರೆಷ್ಟು? ಲೆಕ್ಕ ನಮ್ಮ ಪುಸ್ತಕದಲ್ಲೇ ಇದೆ. ಅದನ್ನು ತೆಗೆದು ಶಾಸಕರ ಮುಂದಿಡಬೇಕಾದವರು ನಾವೇ.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಗೆ ನನ್ನ ಸೂಚನೆ ಇಷ್ಟು. ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ ಮೂರೇ ಬೇಡಿಕೆಗಳನ್ನು ಠರಾವು ಮಾಡಿ ಶಾಸಕರಿಗೆ ಲಿಖಿತವಾಗಿ ಕೊಡೋಣ. ಕೇಂದ್ರದ ವಿಷಯಗಳನ್ನು ಪ್ರತ್ಯೇಕವಾಗಿ ಸಂಸದರಿಗೆ ಕೊಡೋಣ. ಆರು ತಿಂಗಳಿಗೊಮ್ಮೆ ಉತ್ತರ ಕೇಳೋಣ. ಬಂದ ಉತ್ತರವನ್ನೂ, ಬಾರದ ಉತ್ತರವನ್ನೂ ಇದೇ ಪತ್ರಿಕೆಯಲ್ಲಿ ಅಚ್ಚು ಮಾಡೋಣ. 2028ರಲ್ಲಿ ಯಾರು ಯಾವ ಪಕ್ಷಕ್ಕೆ ಮತ ಹಾಕುತ್ತಾರೋ ಅದು ಅವರವರ ಇಷ್ಟ. ಆದರೆ ಮತ ಕೇಳಲು ಬಂದವರ ಎದುರಿಗೆ ಐದು ವರ್ಷದ ಲೆಕ್ಕ ಹಿಡಿದು ನಿಲ್ಲುವುದು ಮಾತ್ರ ನಮ್ಮೆಲ್ಲರ ಕರ್ತವ್ಯ.