ಕುದುರೆ ಸಿಕ್ಕದ ಊರಿನ ತೆರಿಗೆ

ಕಳೆದ ತಿಂಗಳು ಗುಂಡ್ಲುಪೇಟೆಯ ಕಡೆಯಿಂದ ನನ್ನ ಹಳೆಯ ಶಿಷ್ಯನೊಬ್ಬನು ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದನು. ಬೇಸಾಯಗಾರ. ಜಮೀನಿನ ಕಾಗದವೊಂದಕ್ಕಾಗಿ ಕಚೇರಿಯಲ್ಲಿ ಒಬ್ಬನ ಕೈ ಬೆಚ್ಚಗೆ ಮಾಡಿದ್ದನಂತೆ. ಅಷ್ಟರಲ್ಲಿ ಸರ್ಕಾರ ಬದಲಾಗಿ ಆ ಮನುಷ್ಯನಿಗೆ ವರ್ಗವಾಯಿತು. ಬಂದವನು ಲೆಕ್ಕವನ್ನು ಮೊದಲಿನಿಂದ ತೊಡಗಿದನು. “ಮೇಷ್ಟ್ರೇ, ಮೇಲೆ ಕೂರುವವರು ಬದಲಾದರೆ ನಾನೇಕೆ ಎರಡು ಸಲ ತೆರಬೇಕು?” ಎಂದನು. ಮೊದಲ ಸಲ ಕೊಟ್ಟದ್ದೇ ತಪ್ಪೆಂದು ಗದರಿಸಿ ಕಳುಹಿಸಿದೆನು. ಅವನು ಹೋದನು, ಪ್ರಶ್ನೆ ಮನೆಯಲ್ಲಿಯೇ ಉಳಿಯಿತು.

ಉತ್ತರವನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಅವರ ಹೆಸರನ್ನಿಟ್ಟು, 1826ರಲ್ಲಿ ಇಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಪಿತೃಭಕ್ತಿಯ ಆ ಕಾಲವೇ ರೈತನ ಪಾಲಿಗೆ ಶರತ್ತಿನ ಕಾಲವೂ ಆಗಿದ್ದಿತೆಂಬುದನ್ನು ಗುಡಿಗೆ ಪ್ರದಕ್ಷಿಣೆ ಬರುವವರಲ್ಲಿ ಎಷ್ಟು ಮಂದಿ ಬಲ್ಲರು?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಪಟ್ಟಕ್ಕೆ ಬಂದ ಈ ಒಡೆಯರು ಆಗ ಐದು ವರ್ಷದ ಬಾಲಕರು. ಮಳೆ ಬರಲಿ ಬಾರದಿರಲಿ, ಕಂಪೆನಿಗೆ ವರ್ಷಕ್ಕೆ 7 ಲಕ್ಷ ವರಹ ಸಲ್ಲಬೇಕು. ದಿವಾನ್ ಪೂರ್ಣಯ್ಯನವರು ಬಿಗಿಯಾಗಿ ಆಳಿ ಬೊಕ್ಕಸವನ್ನು ತುಂಬಿದರು. ಆದರೆ ಶರತ್ತಿನ ಬೀಜ ಬಿದ್ದುದೂ ಅವರ ಕಾಲದಲ್ಲಿಯೇ.

ಶರತ್ತೆಂದರೆ, ತನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುವೆನೆಂದು ಅಮಲ್ದಾರನು ಸರ್ಕಾರಕ್ಕೆ ಬರೆದುಕೊಡುವ ಮುಚ್ಚಳಿಕೆ. ಕಡಿಮೆಯಾದರೆ ಕೈಯಿಂದ ತುಂಬಬೇಕು; ಹೆಚ್ಚಾದರೆ ಸರ್ಕಾರಕ್ಕೆ ಒಪ್ಪಿಸಬೇಕು. ಓದುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹೆಚ್ಚಾಯಿತೆಂದು ಯಾವನು ತಾನೇ ಒಪ್ಪಿಯಾನು! ದೊಡ್ಡ ಹುದ್ದೆಗಳು ಹೆಚ್ಚು ಕೊಟ್ಟವನ ಪಾಲಾಗತೊಡಗಿದ ಮೇಲಂತೂ, ಕೊಟ್ಟವನು ಕೊಟ್ಟದ್ದನ್ನು ಹಿಂದಕ್ಕೆ ಕೀಳಬೇಕು. ಮತ್ತೊಬ್ಬನು ಹೆಚ್ಚು ಕೂಗುವುದರೊಳಗಾಗಿ ಕೀಳಬೇಕು. ಬಹುಕಾಲ ಹಸುವನ್ನು ಸಾಕುವವನು ಕರುವಿಗೆ ಒಂದಿಷ್ಟು ಬಿಟ್ಟಾನು. ಒಂದು ಹೊತ್ತಿನ ಹಾಲನ್ನು ಗುತ್ತಿಗೆ ಹಿಡಿದವನು ಬಿಟ್ಟಾನೆಯೆ?

1830ರಲ್ಲಿ ಮಲೆನಾಡಿನ ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಭಾರವನ್ನೇ ತೆಗೆದುಕೊಂಡನು. ಅದು ಒಡೆಯರ ವಂಶಕ್ಕೆ ಮರಳಿದ್ದು 1881ರಲ್ಲಿ. ಅರಸರ ದೋಷಗಳನ್ನು ಬರೆದಿಟ್ಟವರು ಅರಸರ ರಾಜ್ಯವನ್ನು ತೆಗೆದುಕೊಂಡವರೇ ಆದಕಾರಣ ಅವರ ಮಾತನ್ನು ತೂಗಿ ನೋಡಬೇಕೆಂಬುದು ನನ್ನ ಮತ. ಆದರೂ ಒಂದು ಸಂಗತಿಯನ್ನು ತಳ್ಳಿಹಾಕಲಾಗದು.

ಮುಂದೆ ಕಮಿಷನರ್ ಕಬ್ಬನನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ, ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ. ನಗರದಲ್ಲಿ ಒಂದು ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿಕೊಳ್ಳದವನಿಗೂ ತೆರಿಗೆ. ಒಂದು ಹಳ್ಳಿಯವರು ತೆರುತ್ತಿದ್ದುದೇಕೆಂದರೆ, ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಅವರ ಪೂರ್ವಿಕರು ಹುಡುಕಿಕೊಡಲಿಲ್ಲವೆಂದು! ವಾಚಕರು ನಗುವ ಮೊದಲು ಯೋಚಿಸಬೇಕು. ಇವು ಗುಟ್ಟಿನ ಲಂಚಗಳಲ್ಲ; ಸರ್ಕಾರದ ಪುಸ್ತಕದಲ್ಲಿ ಆದಾಯವೆಂದೇ ಬರೆಯಲ್ಪಟ್ಟಿದ್ದವು. ಪಾಳೆಯಗಾರನು ಹೋದನು, ಕುದುರೆ ಮಣ್ಣಾಯಿತು, ವಸೂಲಿ ಮಾತ್ರ ಉಳಿಯಿತು. ರಾಜ್ಯ ಕೈ ಬದಲಾದಾಗಲೆಲ್ಲ ಹೊಸಬನಿಗೆ ಕೂಡಲೆ ಹಣ ಬೇಕು. ಹಳೆಯ ಪುಸ್ತಕವನ್ನು ತಿದ್ದುವ ಪುರುಸೊತ್ತಿಲ್ಲ. ಹಿಂದಿನವನ ಅಕ್ರಮವು ಇವನಿಗೆ ಪದ್ಧತಿಯಾಗಿ ದೊರೆಯುವುದು.

ರಾಜದ್ರವ್ಯವನ್ನು ಅಪಹರಿಸುವ 40 ಉಪಾಯಗಳನ್ನು ಕೌಟಿಲ್ಯನು ಎಣಿಸಿದ್ದಾನೆ. ಅವನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೇ. ಆದರೆ ಕುದುರೆಯ ತೆರಿಗೆಯನ್ನು ಆ ನಲವತ್ತರ ಸಾಲಿಗೆ ಸೇರಿಸಲು ನನಗೆ ಮನಸ್ಸು ಬಾರದು. ಅದು ರಾಜನಿಂದ ಕದ್ದದ್ದಲ್ಲ; ರಾಜನ ಹೆಸರಿನಲ್ಲಿಯೇ ಕಿತ್ತದ್ದು.

ಶಿಷ್ಯನು ಮೊನ್ನೆ ಮತ್ತೆ ಬಂದಿದ್ದನು. ಎರಡನೆಯ ಸಲ ಕೊಡದೆ ಬರವಣಿಗೆಯಲ್ಲಿ ಅರ್ಜಿ ಹಾಕಿದ್ದಾನೆ. ಕಾಗದ ಇನ್ನೂ ಬಂದಿಲ್ಲ. ಅರ್ಜಿಯ ರಸೀದಿಯನ್ನು ಜೋಪಾನವಾಗಿರಲೆಂದು ನನ್ನ ಪೆಟ್ಟಿಗೆಯಲ್ಲಿ ಇಟ್ಟುಹೋಗಿದ್ದಾನೆ.