ಸೊಪ್ಪು ತಿಂದರೂ ಕದಲದ ಕರುಳು

ಮಲಬದ್ಧತೆ ಎಂದರೆ ಸಾಕು, ನಮ್ಮಲ್ಲಿ ಸಲಹೆ ಕೊಡದವರೇ ಇಲ್ಲ. ಸೊಪ್ಪು ತಿನ್ನಿ, ಎದ್ದ ಕೂಡಲೇ ಬಿಸಿನೀರು ಕುಡಿಯಿರಿ, ರಾತ್ರಿ ತ್ರಿಫಲಾ ಚೂರ್ಣ ತಗೊಳ್ಳಿ, ಎರಡು ಬಾಳೆಹಣ್ಣು ತಿಂದು ಮಲಗಿ. ಸಾಧಾರಣ ಮಲಬದ್ಧತೆಗೆ ಇವೆಲ್ಲ ಸಲ್ಲುವ ಮಾತುಗಳೇ. ಆದರೆ ವಾರಕ್ಕೊಮ್ಮೆ ಹೊಟ್ಟೆ ಹೋಗುವುದೂ ದುಸ್ತರವಾದವರಿದ್ದಾರೆ, ವರ್ಷಗಳಿಂದ ಮಾತ್ರೆಯಿಲ್ಲದೆ ದಿನ ಕಳೆಯಲಾಗದವರಿದ್ದಾರೆ. ಅವರಿಗೂ ಇದೇ ಉಪದೇಶ. ಗುಣವಾಗದಿದ್ದರೆ ‘ನೀನು ಸರಿಯಾಗಿ ನೀರೇ ಕುಡಿಯಲ್ಲ’ ಎಂಬ ಗದರಿಕೆ ಬೇರೆ. ಇಂಥವರಲ್ಲಿ ಹಲವರಿಗೆ ಕರುಳಿನ ಗೋಡೆಯೊಳಗಿನ ನರಗಳೇ ಕೈಕೊಟ್ಟಿರುತ್ತವೆ. ಅವರನ್ನು ಅಶಿಸ್ತಿನವರೆಂದು ಜರೆಯುವುದನ್ನು ಬಿಟ್ಟು, ನರದ ಕಾಯಿಲೆಯಿದೆಯೇ ಎಂದು ಪರೀಕ್ಷಿಸಬೇಕು ಎಂಬುದು ನನ್ನ ವಾದ.

ಕರುಳಿಗೆ ತನ್ನದೇ ನರಮಂಡಲವಿದೆ ಎಂಬುದು ಹೊಸ ಸುದ್ದಿಯಲ್ಲ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ ನೋಡಿದರು. ಆಗಲೂ ಒಳಗಿನ ಮುದ್ದೆಯ ಹಿಂಭಾಗದಲ್ಲಿ ಕರುಳು ಬಿಗಿಯುತ್ತಿತ್ತು, ಮುಂಭಾಗದಲ್ಲಿ ಸಡಿಲುತ್ತಿತ್ತು, ಮುದ್ದೆ ಮುಂದೆ ಸಾಗುತ್ತಿತ್ತು. ಮಿದುಳಿನ ಅಪ್ಪಣೆಗೆ ಕಾಯದ ಈ ಕೆಲಸವನ್ನು ಸ್ನಾಯುಪದರಗಳ ನಡುವೆ ಹರಡಿರುವ ನರಜಾಲ ಮಾಡಿಸುತ್ತದೆ. ಅದಕ್ಕೆ ಆವರ್ಬಾಕ್ ಜಾಲವೆಂದು ಹೆಸರು. ಅದರ ಜೊತೆಗೆ ಕಾಜಲ್ ಕೋಶಗಳಿವೆ. ಕರುಳಿನ ಚಲನೆಗೆ ತಾಳ ಹಾಕುವವು ಇವು. ದೊಡ್ಡ ಕರುಳಿನಲ್ಲಿ ದಿನಕ್ಕೆ ಕೆಲವೇ ಸಲ, ಹೆಚ್ಚಾಗಿ ಬೆಳಿಗ್ಗೆ ಎದ್ದಾಗ ಇಲ್ಲವೇ ಊಟದ ನಂತರ, ಒಂದು ಬಲವಾದ ಅಲೆ ಎದ್ದು ಮಲವನ್ನು ಉದ್ದಕ್ಕೂ ದಬ್ಬುತ್ತದೆ. ಕಾಫಿ ಕುಡಿದ ಕೂಡಲೇ ಹಲವರಿಗೆ ಅವಸರವಾಗುವುದಕ್ಕೂ ಕರುಳಿನ ಈ ಎಚ್ಚರಕ್ಕೂ ನಂಟಿದೆ. ಕರುಳು ನಿಧಾನವಾದವರಲ್ಲಿ ಈ ಅಲೆಗಳು ವಿರಳ, ಎದ್ದರೂ ದುರ್ಬಲ.

ನರ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಸರ್ಗವೇ ಸಾಕ್ಷಿ ಕೊಟ್ಟಿದೆ. ಸುಮಾರು ಐದು ಸಾವಿರ ಶಿಶುಗಳಲ್ಲಿ ಒಂದು ಮಗು ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುತ್ತದೆ. ಡೆನ್ಮಾರ್ಕಿನ ವೈದ್ಯ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ನರವಿಲ್ಲದ ತುಂಡು ಬಿಗಿದೇ ಇರುತ್ತದೆ, ಅದರ ಮೇಲಿನ ಕರುಳು ಊದಿಕೊಳ್ಳುತ್ತದೆ. ಲ್ಯಾಟಿನ್ ಅಮೆರಿಕದ ಚಾಗಾಸ್ ರೋಗದಲ್ಲಿ ಪರಾವಲಂಬಿ ಜೀವಿಯೊಂದು ದೇಹ ಹೊಕ್ಕ ಮೇಲೆ ಕರುಳಿನ ನರಕೋಶಗಳು ನಾಶವಾಗುತ್ತವೆ, ಫಲ ಅದೇ. ಮಾರ್ಫಿನ್ ಕರುಳಿನ ನರಗಳ ಮೇಲೆ ಕೂತು ಹೊಟ್ಟೆ ಕಟ್ಟಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಮಲಬದ್ಧತೆ ಕಾಣಿಸುವುದುಂಟು. ಇವೆಲ್ಲ ವಿಶೇಷ ರೋಗಗಳಾದವು ಎನ್ನಬಹುದು. ಆದರೆ 1986ರಲ್ಲಿ ಲಂಡನ್ನಿನ ವೈದ್ಯರು 64 ಮಹಿಳೆಯರ ವಿವರ ಪ್ರಕಟಿಸಿದರು. ಎಕ್ಸ್-ರೇಯಲ್ಲಿ ಅವರ ಕರುಳಿನ ಗಾತ್ರ ಸಹಜ. ಆದರೂ ಮಲ ಸಾಗುತ್ತಿದ್ದುದು ಅತಿ ನಿಧಾನ, ವಾರಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪಕ್ಕೆ. ತೊಂದರೆ ಹೆಚ್ಚಾಗಿ ಶುರುವಾದದ್ದು ಮೈನೆರೆಯುವ ವಯಸ್ಸಿನಲ್ಲಿ. ಮುಂದೆ ಇಂಥ ರೋಗಿಗಳಿಂದ ಕತ್ತರಿಸಿ ತೆಗೆದ ದೊಡ್ಡ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾಜಲ್ ಕೋಶಗಳು, ಹಲವರಲ್ಲಿ ನರಕೋಶಗಳೂ ಕಡಿಮೆಯಿದ್ದುದು ಕಂಡಿತು.

ಹೆಚ್ಚಿನವರ ಮಲಬದ್ಧತೆ ಊಟ, ಓಡಾಟ, ಔಷಧಗಳಿಂದಲೇ ಬರುವಾಗ ನರದ ಮಾತೇಕೆ ಎಂದು ಕೇಳಬಹುದು. ಹೆಚ್ಚಿನವರ ವಿಷಯದಲ್ಲಿ ಆ ಮಾತು ನಿಜ. ಉಳಿದವರ ಗತಿ ಏನು ಎಂಬುದನ್ನು 1997ರ ಜರ್ಮನ್ ಅಧ್ಯಯನವೊಂದು ತೋರಿಸಿತು. 149 ರೋಗಿಗಳಿಗೆ ಕನಿಷ್ಠ ಆರು ವಾರ ನಾರು ಕೊಟ್ಟರು, ಅದೂ ನಮ್ಮ ಇಸಬ್‌ಗೋಲನ್ನೇ. ಪರೀಕ್ಷೆಯಲ್ಲಿ ಏನೂ ದೋಷ ಕಾಣದವರಲ್ಲಿ ಶೇ. 85ರಷ್ಟು ಮಂದಿ ಸುಧಾರಿಸಿದರು. ಕರುಳು ನಿಧಾನವಾದವರಲ್ಲಿ ಶೇ. 80ರಷ್ಟು ಮಂದಿಗೆ ಪ್ರಯೋಜನವೇ ಆಗಲಿಲ್ಲ. ಅಂಥವರಿಗೆ ಇನ್ನೂ ಎರಡು ಚಮಚ ಹೆಚ್ಚು ಹಾಕಿಕೊಳ್ಳಿ ಎಂದರೆ ಉಳಿಯುವುದು ಹೊಟ್ಟೆಯುಬ್ಬರ ಮಾತ್ರ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ವರ್ಷಗಟ್ಟಲೆ ನುಂಗಿದ ಭೇದಿ ಮಾತ್ರೆಯೇ ನರಗಳನ್ನು ಕೊಂದಿರಬಾರದೇಕೆ? ಸೋನಾಮುಖಿಯ ಮೇಲೆ ಈ ಅನುಮಾನ 1960ರ ದಶಕದಿಂದಲೂ ಇದೆ. ನಂತರದ ಸಂಶೋಧನೆ ಅದನ್ನು ಅಷ್ಟಾಗಿ ಎತ್ತಿಹಿಡಿದಿಲ್ಲ. ಮೇಲಾಗಿ ಮಾತ್ರೆಯ ಮೊರೆಹೋಗುವ ಹೊತ್ತಿಗೆ ಕಾಯಿಲೆ ಆಗಲೇ ಬಂದಿರುತ್ತದೆ. ಆದರೂ ಒಂದನ್ನು ಒಪ್ಪಲೇಬೇಕು. ಸೂಕ್ಷ್ಮದರ್ಶಕಕ್ಕೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯವರೆಗೆ ಹೋದವರ ಕರುಳು. ಕೋಶಗಳು ಕಡಿಮೆಯಾದದ್ದರಿಂದ ಕರುಳು ನಿಧಾನವಾಯಿತೋ, ಮಲ ಕಟ್ಟಿ ಕಟ್ಟಿ ಕೋಶಗಳು ಸೊರಗಿದವೋ ಎಂಬುದನ್ನು ಆ ಒಂದು ತುಂಡು ಹೇಳಲಾರದು. ಯಾವುದು ಮೊದಲಾದರೂ, ಆ ಕರುಳು ಸೊಪ್ಪಿಗೆ ಓಗೊಡುವ ಸ್ಥಿತಿಯಲ್ಲಂತೂ ಇಲ್ಲ.

ಪರೀಕ್ಷೆ ದುಬಾರಿ ಎಂಬ ನೆಪಕ್ಕೂ ಹೆಚ್ಚು ಬಲವಿಲ್ಲ. ಎಕ್ಸ್-ರೇಯಲ್ಲಿ ಕಾಣುವ ಪುಟ್ಟ ಉಂಗುರಗಳಿರುವ ಕ್ಯಾಪ್ಸೂಲ್ ನುಂಗಿಸಿ, ಐದನೇ ದಿನ ಎಷ್ಟು ಉಳಿದಿವೆ ಎಂದು ಎಣಿಸುತ್ತಾರೆ, ಅಷ್ಟೆ. ಭಾರತೀಯರ ಕರುಳಿನಲ್ಲಿ ಮಲ ಪಾಶ್ಚಾತ್ಯರಿಗಿಂತ ಬೇಗ ಸಾಗುವುದರಿಂದ ಲಖನೌದ ತಜ್ಞರು 36 ಮತ್ತು 60ನೇ ಗಂಟೆಗೆ ಎಕ್ಸ್-ರೇ ತೆಗೆಯುವ ಕ್ರಮವನ್ನೂ ರೂಪಿಸಿದ್ದಾರೆ. ಗುದದ್ವಾರದ ಸ್ನಾಯುಗಳ ಒತ್ತಡ ಅಳೆಯುವ ಇನ್ನೊಂದು ಪರೀಕ್ಷೆ ಮಾತ್ರ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಸಿಗುವುದು ಕಷ್ಟ. ಅದೂ ಬೇಕು. ಮುಕ್ಕುವಾಗ ಸಡಿಲಬೇಕಾದ ಸ್ನಾಯು ಬಿಗಿಯುತ್ತಿದ್ದರೆ ಅದಕ್ಕೆ ಮದ್ದು ಬಯೋಫೀಡ್‌ಬ್ಯಾಕ್ ತರಬೇತಿ. ಕರುಳೇ ನಿಧಾನವಾಗಿದ್ದರೆ ಅದರ ನರಗಳನ್ನು ಚುರುಕುಗೊಳಿಸುವ ಪ್ರುಕಾಲೋಪ್ರೈಡ್‌ನಂಥ ಮಾತ್ರೆ. ಯಾವುದಕ್ಕೂ ಬಗ್ಗದ ಕೆಲವರಿಗಷ್ಟೇ ದೊಡ್ಡ ಕರುಳನ್ನು ತೆಗೆಯುವ ಮಾತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್, ಕಟ್ಟಿದ ಮಲ ಮೈಗೆಲ್ಲ ವಿಷ ಹರಡುತ್ತದೆಂದು ನಂಬಿ ಹಲವರ ಕರುಳು ಕತ್ತರಿಸಿದ್ದ. ಅವನ ಕಾಲಕ್ಕೆ ಈ ಪರೀಕ್ಷೆಗಳಿರಲಿಲ್ಲ. ಈಗ ಇವೆ, ಮತ್ತು ಶಸ್ತ್ರಚಿಕಿತ್ಸೆಗೆ ಮುಂಚೆ ಎರಡನ್ನೂ ಮಾಡಿಸಲೇಬೇಕು: ಬಾಗಿಲಿನ ಸ್ನಾಯು ತೆರೆಯದವರಿಗೆ ಕರುಳನ್ನಷ್ಟೇ ತೆಗೆದರೆ ಕಷ್ಟ ಹಾಗೇ ಉಳಿಯಬಹುದು.