ಚುಕ್ಕಿ ಎಣಿಸಬಲ್ಲವರಿಗೆ ಕೋಡಿಂಗ್ ಬರುವುದಿಲ್ಲವೆ?

ಡೊಂಬಿವಲಿಯಿಂದ ಬೊರಿವಲಿಯವರೆಗೆ, ಮುಂಬೈ ಉಪನಗರಗಳ ಸ್ಟೇಷನ್ ರಸ್ತೆಗಳಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು ಕಾಣದೆ ಹತ್ತು ನಿಮಿಷ ನಡೆಯುವುದು ಕಷ್ಟ. ಪ್ರೋಗ್ರಾಮಿಂಗ್ ಕಲಿಯಲು ಒಳಗೆ ಹೋದವರಿಗೆ ಸಿಗುವ ಮೊದಲ ಪಾಠ ಸಾಮಾನ್ಯವಾಗಿ ಒಂದೇ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಜಗತ್ತಿಗೊಂದು ನಮಸ್ಕಾರ. ಆಮೇಲೆ ಎರಡು ಸಂಖ್ಯೆಗಳ ಮೊತ್ತ. ಅದಾದ ಮೇಲೆ ಅವಿಭಾಜ್ಯ ಸಂಖ್ಯೆ. ಒಂದು ಸೆಮಿಕೋಲನ್ ತಪ್ಪಿದರೆ ಪರದೆ ಇಂಗ್ಲಿಷಿನಲ್ಲೇ ಬೈಯುತ್ತದೆ. ಪರೀಕ್ಷೆಯಲ್ಲಿ ಇದನ್ನೆಲ್ಲ ಕಾಗದದ ಮೇಲೆ ಬಾಯಿಪಾಠ ಒಪ್ಪಿಸಬೇಕು. ಹೀಗೆ ಕಲಿತು ಸೋತವರು 'ಗಣಿತದ ತಲೆ ಇಲ್ಲ' ಎಂಬ ಹಣೆಪಟ್ಟಿ ಹೊತ್ತು ಹೊರಬರುತ್ತಾರೆ. ಹಣೆಪಟ್ಟಿ ಅಂಟಬೇಕಾದದ್ದು ಪಾಠಕ್ಕೆ, ಕಲಿಯಲು ಬಂದವರಿಗಲ್ಲ.

ಮಗುವಿನ ಮುಂದೆ ವಿಭಕ್ತಿ ಪ್ರತ್ಯಯಗಳ ಪಟ್ಟಿ ಹಿಡಿದು ಮಾತು ಕಲಿಸುವ ತಾಯಿ ಎಲ್ಲೂ ಇಲ್ಲ. ಮಗು ಮೊದಲು ಏನನ್ನೋ ಹೇಳಲು ಹವಣಿಸುತ್ತದೆ. ಹೇಳಿದ್ದು ಮುಟ್ಟಿತೋ ಇಲ್ಲವೋ ಎಂದು ಎದುರಿನ ಮುಖ ನೋಡಿ ತಿಳಿಯುತ್ತದೆ. ವ್ಯಾಕರಣ ಹಿಂದೆ ಬರುತ್ತದೆ. ಪ್ರೋಗ್ರಾಮಿಂಗ್ ಭಾಷೆಯನ್ನೂ ಭಾಷೆ ಎಂದೇ ಕರೆಯುವ ಮೇಷ್ಟ್ರುಗಳು ಅದನ್ನು ಕಲಿಸುವಾಗ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಹೊಸಬರಿಗೆ ಮೊದಲು ಬೇಕಾದದ್ದು ಹೇಳಿದ್ದು ಮುಟ್ಟಿತೇ ಎಂದು ತೋರಿಸುವ ಒಂದು ಮುಖ. ಆ ಮುಖ ಚಿತ್ರ.

ಕನ್ನಡದ ವಾರಪತ್ರಿಕೆಗಳಲ್ಲಿ, ಹಬ್ಬದ ಪುಸ್ತಿಕೆಗಳಲ್ಲಿ ರಂಗೋಲಿಯ ಕೆಳಗೆ ಅಚ್ಚಾಗುವ ಒಂದು ಸಾಲನ್ನು ಗಮನಿಸಿ: '13 ಚುಕ್ಕಿ, 7ರವರೆಗೆ, ಸಂದುಚುಕ್ಕಿ.' ಇಷ್ಟೇ. ಓದಿದ ಹೆಂಗಸು ನಡುವೆ 13 ಚುಕ್ಕಿ ಇಡುತ್ತಾಳೆ; ಮೇಲೆ ಕೆಳಗೆ ಒಂದೊಂದೇ ಕಡಿಮೆ ಮಾಡುತ್ತ, ಪ್ರತಿ ಸಾಲನ್ನೂ ಹಿಂದಿನ ಚುಕ್ಕಿಗಳ ಸಂದಿಗೆ ಸರಿಸುತ್ತ, 7ಕ್ಕೆ ಬಂದು ನಿಲ್ಲುತ್ತಾಳೆ. ನೆಲದ ಮೇಲೆ 127 ಚುಕ್ಕಿಗಳ ಷಡ್ಭುಜ ಏಳುತ್ತದೆ. ಆರಂಭದ ಬೆಲೆ, ಪ್ರತಿ ಸುತ್ತಿಗೂ ಆಗುವ ಬದಲಾವಣೆ, ನಿಲ್ಲುವ ಷರತ್ತು — ಲೂಪ್ ಎಂದರೆ ಇದಲ್ಲದೆ ಬೇರೇನೂ ಅಲ್ಲ. ಮಾತುಂಗಾದ, ಮುಲುಂಡಿನ ಫ್ಲ್ಯಾಟುಗಳ ಹೊಸ್ತಿಲಲ್ಲಿ ದಿನಾ ಇದನ್ನು ನಡೆಸುವವರಿಗೆ 'ತಾರ್ಕಿಕ ಚಿಂತನೆ' ಕಲಿಸುತ್ತೇವೆ ಎನ್ನುವ ಜಾಹೀರಾತು ಹಾಸ್ಯಾಸ್ಪದ.

ಇದು ಭಾವುಕತೆಯ ಮಾತಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1970ರ ದಶಕದಲ್ಲೇ ಕೋಲದ ಚಿತ್ರಗಳಿಗೆ ಔಪಚಾರಿಕ ವ್ಯಾಕರಣ ಬರೆದರು. ಅದಕ್ಕೂ ಹಿಂದೆ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆರ್. ನರಸಿಂಹನ್ 1960ರ ದಶಕದಲ್ಲಿ ಚಿತ್ರಗಳನ್ನು ವಾಕ್ಯಗಳಂತೆ ವ್ಯಾಕರಣದಿಂದ ವಿವರಿಸುವ ದಾರಿ ತೋರಿಸಿದವರಲ್ಲಿ ಒಬ್ಬರು. ಅವರ ತಂಡ ಕಟ್ಟಿ 1960ರಲ್ಲಿ ಚಾಲೂ ಮಾಡಿದ ಟಿಫ್ರಾಕ್ ಕಂಪ್ಯೂಟರಿಗೆ ಗೆರೆ, ಅಕ್ಷರ ಮೂಡಿಸುವ ಕ್ಯಾಥೋಡ್ ಕಿರಣದ ಪರದೆಯೂ ಇತ್ತು. ವಿಂಡೋಸ್‌ನಲ್ಲಿ ಬಹುಕಾಲ ಕನ್ನಡವನ್ನು ತೋರಿಸಿದ 'ತುಂಗಾ' ಫಾಂಟಿನ ಹಿಂದೆಯೂ ಮುಂಬೈಯ ಅಕ್ಷರ ವಿನ್ಯಾಸಕ ಆರ್. ಕೆ. ಜೋಶಿ ಇದ್ದಾರೆ. ಕಂಪ್ಯೂಟರ್ ಮತ್ತು ಗೆರೆ ಈ ಊರಿನಲ್ಲಿ ಆರು ದಶಕಗಳಿಂದ ಒಟ್ಟಿಗೇ ಇವೆ. ಬೇರೆ ಮಾಡಿದ್ದು ಕ್ಲಾಸುಗಳು.

ಜಗತ್ತು ಬೇರೆ ದಾರಿಯನ್ನು ಯಾವಾಗಲೋ ಹಿಡಿದಿತ್ತು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫಾಯರ್ಜೈಗ್ ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಮುಂದೆ ಅದಕ್ಕೊಂದು ಆಮೆ ಸೇರಿತು. ಆಮೆಗೆ 'ನೂರು ಹೆಜ್ಜೆ ನಡೆ, ಬಲಕ್ಕೆ 90 ಡಿಗ್ರಿ ತಿರುಗು' ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ. ನಾಲ್ಕು ಸಲ ಹೇಳಿದರೆ ಚೌಕ. 2001ರಲ್ಲಿ ಬೆನ್ ಫ್ರೈ, ಕೇಸಿ ರಿಯಾಸ್ ಕಲಾವಿದರಿಗೆಂದು ಪ್ರೊಸೆಸಿಂಗ್ ಆರಂಭಿಸಿದರು. 2007ರಲ್ಲಿ ಸ್ಕ್ರ್ಯಾಚ್ ಬಂತು. ಆ ಆಮೆ ಇವತ್ತು ಪೈಥಾನ್ ಜೊತೆಗೇ ಪುಕ್ಕಟೆ ಬರುತ್ತದೆ.

ಆಮೆಗೆ ಸಮಭುಜ ತ್ರಿಕೋನ ಬರೆಸಲು ಹೊರಟವರು ಶಾಲೆಯಲ್ಲಿ ಕಲಿತದ್ದನ್ನು ನಂಬಿ 60 ಡಿಗ್ರಿ ತಿರುಗಿಸುತ್ತಾರೆ. ಮೂರು ಬದಿ ಮುಗಿದರೂ ತ್ರಿಕೋನ ಕೂಡುವುದಿಲ್ಲ; ಅರ್ಧ ಷಡ್ಭುಜ ಬಾಯಿ ತೆರೆದು ನಿಲ್ಲುತ್ತದೆ. ಇಲ್ಲಿ ಯಾರೂ ಬೈಯಲಿಲ್ಲ. ತಪ್ಪು ಕಣ್ಣಿಗೆ ಕಂಡಿತು, ಎಷ್ಟು ತಪ್ಪೆಂದೂ ಕಂಡಿತು. ಕಲಿಯುವವಳು ಎದ್ದು ನಿಂತು, ಆಮೆಯ ಜಾಗದಲ್ಲಿ ತಾನೇ ನಡೆದು ನೋಡಿದರೆ ತಿರುಗಬೇಕಾದದ್ದು ಹೊರಕೋನ, 120 ಡಿಗ್ರಿ ಎಂದು ಗೊತ್ತಾಗುತ್ತದೆ. ತಪ್ಪು ಹುಡುಕುವುದು, ಊಹಿಸುವುದು, ತಿದ್ದಿ ಮತ್ತೆ ನೋಡುವುದು — ಪ್ರೋಗ್ರಾಮರುಗಳ ದಿನದ ಬಹುಭಾಗ ಇದೇ ಕೆಲಸ. ಅವಿಭಾಜ್ಯ ಸಂಖ್ಯೆಯ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ಹೊಸಬರಿಗೆ ಅದು ತಪ್ಪೆಂದು ತಿಳಿಯುವುದೇ ದುಸ್ತರ.

'ಇದು ಮಕ್ಕಳಾಟ, ಕೆಲಸಕ್ಕೆ ಬರುವುದಿಲ್ಲ' ಎನ್ನುವವರಿದ್ದಾರೆ. ಕೆಲಸದ ಹೆಸರಿನಲ್ಲಿ ಏನು ಮಾರಲಾಯಿತೆಂದು ಅವರು ನೆನಪಿಸಿಕೊಳ್ಳಲಿ. 2018ರಲ್ಲಿ ಮುಂಬೈಯಲ್ಲೇ ಹುಟ್ಟಿದ ವೈಟ್‌ಹ್ಯಾಟ್ ಜೂನಿಯರ್ ಮಕ್ಕಳ ಕೋಡಿಂಗನ್ನು ಕೋಟಿ ಸಂಬಳದ ಕಥೆಗಳೊಂದಿಗೆ ಮನೆಮನೆಗೆ ತಂದಿತು. 2020ರ ಆಗಸ್ಟಿನಲ್ಲಿ ಬೈಜೂಸ್ ಅದನ್ನು 30 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಜಾಹೀರಾತು ಮಾನದಂಡ ಮಂಡಳಿ ಅದರ ಐದು ಜಾಹೀರಾತುಗಳನ್ನು ಹಿಂತೆಗೆಯುವಂತೆ ಹೇಳಬೇಕಾಯಿತು. ಹೆತ್ತವರ ಹೆದರಿಕೆಯನ್ನು ಬಂಡವಾಳ ಮಾಡಿಕೊಂಡದ್ದಕ್ಕಿಂತ ಮಕ್ಕಳಾಟ ಸಾವಿರ ಪಾಲು ಮರ್ಯಾದೆಯ ಕೆಲಸ.

ಗಟ್ಟಿಯಾದ ಆಕ್ಷೇಪವೊಂದಿದೆ, ಅದಕ್ಕೆ ಉತ್ತರ ಕೊಡಲೇಬೇಕು. 1984ರಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್, ಲೋಗೋ ಕಲಿತ ಮಕ್ಕಳ ಯೋಜನಾ ಸಾಮರ್ಥ್ಯ ಅದರಿಂದಷ್ಟೇ ಹೆಚ್ಚಲಿಲ್ಲವೆಂದು ತೋರಿಸಿದರು. ನಿಜ. ಆಮೆಯನ್ನು ಕೊಟ್ಟು ಮೇಷ್ಟ್ರು ಎದ್ದುಹೋದರೆ ಮಕ್ಕಳು ಗೀಚುತ್ತಾರೆ, ಅಷ್ಟೇ. ರಂಗೋಲಿಯೂ ತಾನಾಗಿ ಬರುವುದಿಲ್ಲ. ಅಜ್ಜಿ ಪಕ್ಕದಲ್ಲಿ ಕುಳಿತು 'ಒಂದು ಚುಕ್ಕಿ ಬಿಟ್ಟೆ ನೋಡು' ಎನ್ನಬೇಕು. ಇದರಿಂದ ಹೊರಡುವ ತೀರ್ಮಾನ ಚಿತ್ರ ಬೇಡವೆಂದಲ್ಲ, ಚಿತ್ರ ಓದಬಲ್ಲ ಮೇಷ್ಟ್ರು ಬೇಕೆಂದು.

'ಇನ್ನು ಕೋಡ್ ಯಂತ್ರವೇ ಬರೆಯುತ್ತದೆ' ಎಂಬುದು ಈಚಿನ ಮಾತು. ಬರೆಯಲಿ. ಬರೆದದ್ದು ಸರಿಯೋ ಸೊಟ್ಟವೋ ಎಂದು ಹೇಳಲು ಯಾರಾದರೂ ಬೇಕಲ್ಲ. ಆ ಕಣ್ಣು ಬಾಯಿಪಾಠದಿಂದ ಬರುವುದಿಲ್ಲ.

ಈ ಜಗಳದ ನಿಜವಾದ ಪಣ ಬೇರೆ ಕಡೆ ಇದೆ. ಇಂಗ್ಲಿಷ್ ಬಲ್ಲ, ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗು ಕೆಟ್ಟ ಪಾಠವನ್ನೂ ದಾಟಿ ಬದುಕುತ್ತದೆ. ಮುಂಬೈ ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಅಲ್ಲಿಗೆ ಬರುವುದು ದುಡಿಯುವವರ ಮಕ್ಕಳು. ಇದೇ ಊರಿನಲ್ಲಿ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ತುಳುನಾಡಿನ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು, ತಮ್ಮ ಭಾಷೆಯಲ್ಲಿ ಪಾಠ ಸಿಕ್ಕಿದ್ದರಿಂದ. ಇವತ್ತಿನ ಆ ಹುಡುಗರಿಗೆ ಕೋಡಿಂಗಿನ ಬಾಗಿಲಲ್ಲಿ ಎರಡು ಬೀಗ: ಒಂದು ಇಂಗ್ಲಿಷ್, ಇನ್ನೊಂದು ಕುರುಡು ಪಾಠ.

ಎರಡಕ್ಕೂ ಬೀಗದಕೈ ಇದೆ. ಪೈಥಾನ್ 3ರಲ್ಲಿ ವೇರಿಯಬಲ್, ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. 'ಬದಿ', 'ಚುಕ್ಕಿ', 'ಸಾಲು' ಎಂದು ಬರೆದರೆ ಯಂತ್ರ ತಕರಾರು ಮಾಡುವುದಿಲ್ಲ. ಪವಾಯಿಯ ಐಐಟಿಯಲ್ಲಿ ಶ್ರೀಧರ್ ಅಯ್ಯರ್ ಮತ್ತು ಸಂಗಡಿಗರು ಸ್ಕ್ರ್ಯಾಚನ್ನೂ ಬಳಸುವ 'ಕಂಪ್ಯೂಟರ್ ಮಸ್ತಿ' ಎಂಬ ಶಾಲಾ ಪಠ್ಯ ಮಾಡಿದ್ದಾರೆ. ಅಲ್ಲಿನದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ತನ್ನ ಪಾಠಗಳಿಗೆ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ದನಿ ಕೊಡಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಎಂದಿದೆ. ಕೊರತೆ ಸಾಮಗ್ರಿಯದಲ್ಲ.

ಕೊರತೆ ಮೊದಲ ಪಾಠವನ್ನು ಬದಲಿಸುವ ಧೈರ್ಯದ್ದು. ಮಾಹಿಮಿನ ಕರ್ನಾಟಕ ಸಂಘಕ್ಕೆ, ಮಾತುಂಗಾದ ಮೈಸೂರು ಅಸೋಸಿಯೇಷನ್ನಿಗೆ, ವಡಾಲಾದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಗೆ ಸಭಾಂಗಣವೋ ತರಗತಿಯೋ ಇದೆ. ಅವುಗಳ ಸುತ್ತ ರಂಗೋಲಿ ಬಲ್ಲ ಹೆಂಗಸರಿದ್ದಾರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಅವರ ಮಕ್ಕಳಿದ್ದಾರೆ. ಕೋಡಿಂಗ್ ಸ್ಪರ್ಧೆ ಬೇರೆ, ರಂಗೋಲಿ ಸ್ಪರ್ಧೆ ಬೇರೆ ಎಂದು ಇಬ್ಬರನ್ನೂ ಎರಡು ಕೋಣೆಗಳಲ್ಲಿ ಕೂರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಒಂದು ಭಾನುವಾರ ಒಂದೇ ಮೇಜಿನ ಎರಡು ಬದಿಗೆ ಕೂರಲಿ. ಅವಳು '13 ಚುಕ್ಕಿ, 7ರವರೆಗೆ' ಎನ್ನಲಿ. ಮಗ ಅದನ್ನು ಪರದೆಗೆ ತಿಳಿಸಲಿ. ಸಂದುಚುಕ್ಕಿಗೆ ಅರ್ಧ ಹೆಜ್ಜೆ ಸರಿಸುವುದನ್ನು ಅವನು ಮರೆತರೆ ಷಡ್ಭುಜ ಒಂದು ಪಕ್ಕಕ್ಕೆ ವಾಲುತ್ತದೆ. ತಪ್ಪು ಮೊದಲು ಕಾಣುವುದು ಅವಳ ಕಣ್ಣಿಗೆ. ಪ್ರೋಗ್ರಾಮರ್ ಯಾರು ಎಂಬ ಪ್ರಶ್ನೆಯನ್ನು ಅಲ್ಲಿಂದ ಹೊಸದಾಗಿ ಕೇಳಬಹುದು.